ಮಗಳಿಗೊಂದು ಪತ್ರ: ರೂಫನ ಅಪ್ಪ

ಪ್ರೀತಿಯ ಪುಟ್ಟಿ,

ಜಗಳದ ಬಿಸಿಯಲ್ಲೇ ಹಾಸ್ಟೆಲಿಗೆ ಹೊರಟುಬಿಟ್ಟೆ. ಯೇಸುವಿನ ಬದುಕು ಹೇಳುವ ನಾಲ್ಕು ಸುವಾರ್ತೆಗಳನ್ನು (ಮತ್ತಾಯ, ಮಾರ್ಕ, ಲೂಕ, ಯೋಹಾನ) ಬರೆದವರು ಆ ಹೆಸರಿನವರೇ ಎನ್ನಲಾಗದು ಅಂದೆ ನೀನು, ರೇಗಿದೆ ನಾನು. ದನಿ ಏರಿಸಿದ್ದು ನನ್ನ ತಪ್ಪು. ನೀನು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿ ಎಂದು ಗೊತ್ತಿದ್ದೂ ಏರಿಸಿದ್ದು ಇನ್ನೂ ದೊಡ್ಡ ತಪ್ಪು.

ನಮ್ಮ ಸತ್ಯವೇದದಲ್ಲಿ ‘ಮತ್ತಾಯನು ಬರೆದ ಸುವಾರ್ತೆ’ ಎಂದು ಅಚ್ಚಾಗಿದೆ. ಗ್ರೀಕ್ ಹಸ್ತಪ್ರತಿಗಳ ತಲೆಬರಹದಲ್ಲಿ ‘ಬರೆದ’ ಇಲ್ಲ. ‘ಕತಾ ಮತ್ಥೈಯೊನ್’, ಮತ್ತಾಯನ ಪ್ರಕಾರ, ಅಷ್ಟೇ. ಒಳಗೆಲ್ಲೂ ‘ಮತ್ತಾಯನಾದ ನಾನು’ ಎಂಬ ಮಾತಿಲ್ಲ. ಸುಮಾರು ಕ್ರಿ.ಶ. 150ರ ಹೊತ್ತಿಗೆ ಬರೆದ ಕ್ರೈಸ್ತ ಲೇಖಕ ಜಸ್ಟಿನ್ ಈ ಸುವಾರ್ತೆಗಳನ್ನು ‘ಅಪೊಸ್ತಲರ (ಯೇಸುವಿನ ಆಪ್ತ ಶಿಷ್ಯರ) ನೆನಪುಗಳು’ ಎನ್ನುತ್ತಾನೆ, ನಾಲ್ವರ ಹೆಸರೆತ್ತುವುದಿಲ್ಲ. ನಾಲ್ಕೂ ಹೆಸರು ಒಟ್ಟಿಗೆ ಸ್ಪಷ್ಟವಾಗಿ ಸಿಗುವುದು 180ರ ಸುಮಾರಿಗೆ, ಬಿಷಪ್ ಐರೇನಿಯಸನ ಬರಹದಲ್ಲಿ. ಮಾರ್ಕನ 661 ವಚನಗಳಲ್ಲಿ ಸುಮಾರು 600ರ ಸಾರ ಮತ್ತಾಯದಲ್ಲಿದೆ. ಸುಂಕದವನಾಗಿದ್ದ ಮತ್ತಾಯನನ್ನು ಯೇಸು ಶಿಷ್ಯನಾಗಲು ಕರೆದ ಪ್ರಸಂಗವೂ (9:9) ಮಾರ್ಕ 2:14ರದ್ದೇ. ಅಲ್ಲಿ ಅವನ ಹೆಸರು ಲೇವಿ. ತನ್ನನ್ನು ಕರೆದ ಕಥೆಯನ್ನೇ ಯಾರಾದರೂ ಇನ್ನೊಬ್ಬರ ಬರಹ ನೋಡಿ ಬರೆಯುತ್ತಾರಾ ಎಂದು ನೀನು ಕೇಳಿದಾಗ ಒಳಗೊಳಗೇ ಹೆಮ್ಮೆಪಟ್ಟೆ, ಬಾಯಲ್ಲಿ ಬೈದೆ.

ನನ್ನ ಹೆದರಿಕೆ ಬೇರೆ. ಬರೆದವರು ಯಾರು ಎಂಬುದು ಒಂದು ಪ್ರಶ್ನೆ. ಕಂಡವರ ಮಾತು ಒಳಗಿದೆಯೇ ಎಂಬುದು ಇನ್ನೊಂದು. ಮೊದಲನೆಯದು ಬಿತ್ತೆಂದು ಎರಡನೆಯದನ್ನೂ ಬಿಟ್ಟುಬಿಡುತ್ತೀಯೇನೋ ಅಂತ. ಮಾರ್ಕ 15:21 ತೆಗೆ. ಯೇಸುವಿನ ಶಿಲುಬೆ ಹೊತ್ತ, ಕುರೇನ್ಯ ಎಂಬ ಊರಿನ ಸೀಮೋನ, ‘ಅಲೆಕ್ಸಾಂದ್ರ, ರೂಫ ಇವರ ತಂದೆ’. ಪಕ್ಕದಲ್ಲಿ ಮತ್ತಾಯ 27:32, ಲೂಕ 23:26 ಇಡು. ಸೀಮೋನ ಇದ್ದಾನೆ, ಮಕ್ಕಳಿಲ್ಲ. ಕಥೆಗೆ ಆ ಮಕ್ಕಳಿಂದ ಆಗಬೇಕಾದ್ದೇನೂ ಇಲ್ಲ, ಮತ್ತೇಕೆ ಮಾರ್ಕ ಹೆಸರಿಸಿದ? ಮೊದಲು ಕೇಳಿಸಿಕೊಂಡವರಿಗೆ ಅವರ ಪರಿಚಯವಿತ್ತು, ‘ನಮ್ಮ ರೂಫನ ಅಪ್ಪ’ ಅಂದ ಹಾಗೆ. ಪರಿಚಯವಿಲ್ಲದವರ ಕೈಗೆ ಬಂದಾಗ ಹೆಸರು ಉದುರಿತು. ಇದು ಊಹೆಯೇ, ಆದರೆ ಗಟ್ಟಿ ಊಹೆ. ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ (16:13) ರೂಫನೇ ಇವನು ಎಂದು ಮಾತ್ರ ನಿನ್ನ ಬರಹದಲ್ಲಿ ಬರೆದುಬಿಡಬೇಡ. ಆ ಕಾಲದಲ್ಲಿ ಅದು ಬಳಕೆಯ ಹೆಸರು. ಹುರುಪಿನಲ್ಲಿ ಎಲ್ಲರೂ ಎಡವುವುದು ಅಲ್ಲೇ. ರೂಫನ ಮಾತು ಸಾಕು ಅನ್ನುತ್ತೀಯಾ? ಇರಲಿ, ಇನ್ನೊಮ್ಮೆ ಓದು.

‘ಕಣ್ಣಾರೆ ಕಂಡೆವು’ ಎಂದು ಎದೆ ತಟ್ಟಿಕೊಳ್ಳುವುದು ಅಪೊಸ್ತಲ ಪೇತ್ರನ ಹೆಸರಿನ ಎರಡನೆಯ ಪತ್ರ (2 ಪೇತ್ರ 1:16). ಹೊಸ ಒಡಂಬಡಿಕೆಯಲ್ಲಿ ಕರ್ತೃತ್ವದ ಅನುಮಾನ ಅತಿ ಹೆಚ್ಚಿರುವುದೂ ಅದೇ ಪತ್ರದ ಮೇಲೆ. ಯೂದನ ಪತ್ರದ ಮಾತುಗಳು ಅದರಲ್ಲಿ ಧಾರಾಳವಾಗಿವೆ. ಲೂಕನೋ, ಕಂಡವರಿಂದ ಬಂದದ್ದು ಎಂದು ಮೊದಲಲ್ಲೇ (1:2) ಒಪ್ಪಿಕೊಳ್ಳುತ್ತಾನೆ. ಯೋಹಾನ 21:24ರಲ್ಲಿ ಸಾಕ್ಷಿ ಒಬ್ಬ, ಆ ಸಾಕ್ಷಿ ನಿಜವೆಂದು ‘ಬಲ್ಲೆವು’ ಎನ್ನುವವರು ಬೇರೆ. ಮಾರ್ಕ ಪೇತ್ರನ ದುಭಾಷಿ, ಬರೆದದ್ದು ಕ್ರಮವಾಗಿಲ್ಲ ಎಂಬ, ಎರಡನೆಯ ಶತಮಾನದ ಬಿಷಪ್ ಪಪಿಯಾಸನ ಮಾತು ಬಳಸುವಾಗ, ಅದು ನಮಗೆ ಉಳಿದಿರುವುದು ನಾಲ್ಕನೆಯ ಶತಮಾನದ ಸಭಾ ಇತಿಹಾಸಕಾರ ಯುಸೇಬಿಯಸನಲ್ಲಿ ಎಂಬುದನ್ನೂ ಬರೆ. ಪೌಲ ಪೇತ್ರನ ಜೊತೆ 15 ದಿನ ಇದ್ದದ್ದನ್ನು (ಗಲಾತ್ಯ 1:18) ತಾನೇ ಹೇಳಿದ್ದಾನೆ; ಅದಕ್ಕೆ ತೂಕ ಹೆಚ್ಚು.

ನೋಡು, ಮತ್ತೆ ಪಾಠ ಶುರು ಮಾಡಿದೆ.

ಬಣ್ಣದ ಪೆನ್ಸಿಲ್ ಕಳಿಸಿದ್ದೇನೆ. ಮತ್ತಾಯ, ಮಾರ್ಕ, ಲೂಕ ಮೂವರಲ್ಲೂ ಇರುವ ಮಾತಿಗೆ ಕೆಂಪು, ಇಬ್ಬರಲ್ಲಿ ಇದ್ದರೆ ನೀಲಿ, ಒಬ್ಬನಲ್ಲೇ ಇದ್ದರೆ ಹಸಿರು. ವ್ಯಾಖ್ಯಾನ ಆಮೇಲೆ ತೆಗೆ. ಚಕ್ಕುಲಿ ಡಬ್ಬಿಯ ಕೆಳಗೆ ಸತ್ಯವೇದವಿದೆ, ಮಾರ್ಕ 15:21ಕ್ಕೆ ಚೀಟಿ ಇಟ್ಟಿದ್ದೇನೆ. ಆದಿತ್ಯವಾರ ಆರಾಧನೆ ಮುಗಿಸಿ ನೀನೇ ಫೋನ್ ಮಾಡು. ನಾನು ಮಾಡಿದರೆ ಮತ್ತೆ ಶುರುವಾಗುತ್ತದೆ ಅಂತಾಳೆ ಅಮ್ಮ.

ನಿನ್ನ ಅಪ್ಪ