ಬಿಪಿ ಕುಸಿದಾಗ ನಾರ್‌ಅಡ್ರಿನಲಿನ್ ತಡವಾಗದಿರಲಿ

ಮಾನ್ಯರೆ,

ಸೋಂಕು ಉಲ್ಬಣಿಸಿ ರೋಗಿಯ ಬಿಪಿ ಕುಸಿದಾಗ ‘ಇನ್ನೊಂದು ಬಾಟಲಿ ಸಲೈನ್ ಹಾಕಿ ನೋಡೋಣ’ ಎನ್ನುವ ರೂಢಿ ಇನ್ನೂ ಹೋಗಿಲ್ಲ. ಸಲೈನ್ ಬೇಕು, ನಿಜ. ಮೊದಲ 3 ಗಂಟೆಯಲ್ಲಿ ಪ್ರತಿ ಕೆ.ಜಿ. ತೂಕಕ್ಕೆ 30 ಮಿ.ಲೀ., ಅಂದರೆ 60 ಕೆ.ಜಿ.ಯವರಿಗೆ 1.8 ಲೀಟರ್. ಆದರೆ ರಕ್ತನಾಳಗಳೇ ಸಡಿಲಗೊಂಡಿದ್ದರೆ ಎಷ್ಟು ಸುರಿದರೂ ಒತ್ತಡ ನಿಲ್ಲದು. ಹೆಚ್ಚಾದ ನೀರು ಶ್ವಾಸಕೋಶ ಸೇರುತ್ತದೆ. ಆಗ ಬೇಕಾದ್ದು ನಾಳಗಳನ್ನು ಬಿಗಿಗೊಳಿಸುವ ನಾರ್‌ಅಡ್ರಿನಲಿನ್. ಮೊದಲು ಇದೇ ಕೆಲಸಕ್ಕೆ ಬಳಸುತ್ತಿದ್ದ ಡೋಪಮಿನ್ ಹಿಂದೆ ಸರಿದದ್ದು ಹೃದಯದ ಲಯವನ್ನು ಹೆಚ್ಚು ಕೆಡಿಸುತ್ತದೆಂಬ ಕಾರಣಕ್ಕೆ.

ಮಾನಿಟರಿನಲ್ಲಿ ಗಮನಿಸಬೇಕಾದ್ದು ಸರಾಸರಿ ಒತ್ತಡ, ಗುರಿ 65. ಬಿಪಿ 80/50 ಇದ್ದರೆ ಸರಾಸರಿ ಸುಮಾರು 60, ಸಾಲದು.

ತಡವಾಗುವುದು ಹೆಚ್ಚಾಗಿ ದೊಡ್ಡ ಅಭಿಧಮನಿಗೆ ಹಾಕುವ ನಳಿಕೆ, ಅಂದರೆ ಸೆಂಟ್ರಲ್ ಲೈನ್‌ಗೆ ಕಾಯುವುದರಿಂದ. ಕಾಯಬೇಕಿಲ್ಲ. ಮೊಣಕೈ ಮಡಿಕೆಯ ಅಥವಾ ಅದಕ್ಕಿಂತ ಮೇಲಿನ ಒಳ್ಳೆಯ ಅಭಿಧಮನಿಯಲ್ಲಿ ಸ್ವಲ್ಪ ಹೊತ್ತಿನ ಮಟ್ಟಿಗೆ ಶುರುಮಾಡಬಹುದೆಂದು ಇಂಥ ಉಲ್ಬಣಿಸಿದ ಸೋಂಕಿನ (ಸೆಪ್ಸಿಸ್) ಚಿಕಿತ್ಸೆಗಾಗಿರುವ 2021ರ ಅಂತರರಾಷ್ಟ್ರೀಯ ‘ಸರ್ವೈವಿಂಗ್ ಸೆಪ್ಸಿಸ್’ ಮಾರ್ಗಸೂಚಿಯೇ ಹೇಳಿದೆ. ಅಂಗೈ ಹಿಂಭಾಗದ ಸಣ್ಣ ನಾಳ ಬೇಡ. ಬಿಪಿ ಪಟ್ಟಿ ಇನ್ನೊಂದು ತೋಳಿಗಿರಲಿ. ಅದೇ ತೋಳಿಗೆ ಕಟ್ಟಿದರೆ ಪಟ್ಟಿ ಉಬ್ಬಿದಾಗಲೆಲ್ಲ ಔಷಧ ತಡೆಯುತ್ತದೆ. ಸೂಜಿಯ ಸುತ್ತ ಚರ್ಮ ಬಿಳಿಚಿ ತಣ್ಣಗಾದರೆ ಔಷಧ ಹೊರಗೆ ಸೋರುತ್ತಿದೆ ಎಂದರ್ಥ. ಔಷಧ ಹರಿಸುವ ಸಿರಿಂಜ್ ಪಂಪ್ ನಿಲ್ಲಿಸಿ, ಕ್ಯಾನುಲಾ (ನಾಳದೊಳಗಿನ ಸಣ್ಣ ಕೊಳವೆ) ಕೀಳದೆ ಅದರಿಂದಲೇ ಸಾಧ್ಯವಾದಷ್ಟು ಹಿಂದೆಳೆದು, ಸುತ್ತ ಆ ಬಿಗಿತ ಸಡಿಲಿಸುವ ಫೆಂಟೊಲಮಿನ್ ಚುಚ್ಚಬೇಕು. ಅಷ್ಟರಲ್ಲಿ ಔಷಧ ಬೇರೆ ನಾಳದಲ್ಲಿ ಮುಂದುವರಿಯಲಿ. ಅಸಡ್ಡೆ ಮಾಡಿದರೆ ಆ ಜಾಗದ ಚರ್ಮ ಸಾಯುತ್ತದೆ.

ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ಅಪಾಯದ ಗಳಿಗೆ ಪಂಪಿನ ಸಿರಿಂಜ್ ಬದಲಿಸುವಾಗಿನದು. ಈ ಔಷಧದ ಪರಿಣಾಮ ಒಂದೆರಡು ನಿಮಿಷದಲ್ಲೇ ಇಳಿಯುತ್ತದೆ. 4 ಮಿ.ಗ್ರಾಂ. ಔಷಧವನ್ನು 50 ಮಿ.ಲೀ.ಗೆ ಬೆರೆಸಿದರೆ ಪ್ರತಿ ಮಿ.ಲೀ.ಗೆ 80 ಮೈಕ್ರೊಗ್ರಾಂ, 60 ಕೆ.ಜಿ. ರೋಗಿಗೆ ನಿಮಿಷಕ್ಕೆ ಕೆ.ಜಿ.ಗೆ 0.1 ಮೈಕ್ರೊಗ್ರಾಂ ಬೇಕಾದರೆ ಗಂಟೆಗೆ 4.5 ಮಿ.ಲೀ. ಓಡಬೇಕು. ಡೋಸ್ ಏರಿದ ಹಾಗೆ ಸಿರಿಂಜ್ ಬೇಗ ಖಾಲಿ. ಮುಂದಿನದು ತುಂಬಿ, ಪಂಪಿಗೇರಿಸಿ ಸಿದ್ಧವಾಗಿರಬೇಕು. ಅದೇ ನಳಿಕೆಯಲ್ಲಿ ಬೇರೆ ಇಂಜೆಕ್ಷನ್ ತಳ್ಳಿದರೆ ಒಳಗಿದ್ದ ನಾರ್‌ಅಡ್ರಿನಲಿನ್ ಒಮ್ಮೆಲೇ ನುಗ್ಗಿ ಬಿಪಿ ಜಿಗಿಯುತ್ತದೆ.

ಡೋಸ್ ನಿಮಿಷಕ್ಕೆ ಕೆ.ಜಿ.ಗೆ 0.25 ಮೈಕ್ರೊಗ್ರಾಂ ದಾಟಿದ ಮೇಲೂ ಗುರಿ ಮುಟ್ಟದಿದ್ದರೆ ಅದನ್ನೇ ಏರಿಸುತ್ತ ಕೂರುವ ಬದಲು ನಿಮಿಷಕ್ಕೆ 0.03 ಯೂನಿಟ್ ವ್ಯಾಸೊಪ್ರೆಸಿನ್ (ನಾಳ ಬಿಗಿಗೊಳಿಸುವ ಇನ್ನೊಂದು ಔಷಧ) ಜೊತೆಗೂಡಿಸುವುದು ಲೇಸು. ದಿನಕ್ಕೆ 200 ಮಿ.ಗ್ರಾಂ. ಹೈಡ್ರೊಕಾರ್ಟಿಸೋನ್ ಎಂಬ ಸ್ಟೆರಾಯ್ಡ್ ಯೋಚಿಸುವುದೂ ಈ ಹಂತದಲ್ಲೇ.

ರಕ್ತಸ್ರಾವದಿಂದ ಬಿಪಿ ಬಿದ್ದವರಿಗೆ ಈ ಲೆಕ್ಕ ಹಾಕಬಾರದು. ಅಲ್ಲಿ ಮೊದಲು ಸ್ರಾವ ನಿಲ್ಲಬೇಕು, ರಕ್ತ ಏರಬೇಕು.

– ತೀವ್ರ ನಿಗಾ ಘಟಕದ ವೈದ್ಯರು