ಶನಿವಾರ ಸ್ಲಾಲಮ್ ಸ್ಕೀ ಫಿನ್ ಹೊಂದಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಶನಿವಾರ ಬೆಳಿಗ್ಗೆ 7ಕ್ಕೆ, ದೋಣಿ ಹೊರಡುವ ಮುಂಚೆ, ಸ್ಲಾಲಮ್ ಸ್ಕೀಗಳ (ದೋಣಿಯ ಹಿಂದೆ ನೀರಿನ ಮೇಲೆ ಎರಡೂ ಕಾಲಿಟ್ಟು ಹೋಗುವ ಒಂಟಿ ಸ್ಕೀ) ಫಿನ್, ಅಂದರೆ ಹಿಂಭಾಗದ ಅಡಿಯಲ್ಲಿರುವ ತೆಳು ತಟ್ಟೆ, ಅಳೆದು ಹೊಂದಿಸೋಣ. ಎರಡು ಸ್ಕೀ ಮೇಲೆ ಕಲಿಯುತ್ತಿರುವವರಿಗೆ ಇದು ಬೇಕಿಲ್ಲ, ಅವರು ಆರಾಮಾಗಿ ಬನ್ನಿ.

ತಯಾರಕರು ಕೊಟ್ಟ ಅಳತೆ ಬರೆದು ತನ್ನಿ: ಫಿನ್‌ನ ಆಳ, ಉದ್ದ, ಸ್ಕೀ ಹಿಂತುದಿಯಿಂದ ಇರುವ ದೂರ, ಫಿನ್‌ಗೆ ಜೋಡಿಸಿದ ಚಿಕ್ಕ ರೆಕ್ಕೆಯ ಕೋನ. ಈಗಿನ ಅಳತೆ ಬರೆದಿಡದೆ ಯಾರೂ ಸ್ಕ್ರೂ ಸಡಿಲಿಸಬೇಡಿ. ಆಮೇಲೆ ಹಳೆಯ ಜಾಗ ಹುಡುಕುವುದು ದೊಡ್ಡ ತಲೆನೋವು. ಎಲ್ಲರೂ ಒಂದೇ ಕ್ಯಾಲಿಪರ್ (ಸೂಕ್ಷ್ಮವಾಗಿ ಅಳೆಯುವ ಉಪಕರಣ) ಬಳಸೋಣ. ಅಳೆಯುವ ರೀತಿ ಬೇರೆಯಾದರೆ ಉದ್ದದ ಲೆಕ್ಕವೂ ಬೇರೆ ಬರುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ 0.005ರಿಂದ 0.010 ಇಂಚು ಮಾತ್ರ. ಇಷ್ಟೇನಾ ಅನ್ನಿಸುತ್ತೆ ಅಲ್ವಾ? ನೀರಿಗಿಳಿದರೆ ಗೊತ್ತಾಗುತ್ತದೆ. ತಿರುವಿನಲ್ಲಿ ಸ್ಕೀ ಹಿಂಭಾಗ ಜಾರುತ್ತಿದ್ದರೆ ಸಾಮಾನ್ಯವಾಗಿ ಆಳ ಸ್ವಲ್ಪ ಜಾಸ್ತಿ ಮಾಡುತ್ತೇವೆ. ಆದರೆ ಆಳ ಬದಲಿಸುವಾಗ ಉದ್ದವೂ ದೂರವೂ ಅಲುಗುತ್ತವೆ, ಮೂರನ್ನೂ ಮತ್ತೆ ಅಳೆಯಿರಿ. ಬೂಟಿನ ಜಾಗ ಅದೇ ದಿನ ಬದಲಿಸಬೇಡಿ, ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ಫಿನ್ ಅಂಚು ಚೂಪಾಗಿರುತ್ತದೆ, ಕೈಗವಸು ತನ್ನಿ. ಅಲನ್ ಕೀ ಇದ್ದವರು ಅದನ್ನೂ ತನ್ನಿ. ಬರುವವರು ಗುರುವಾರ ರಾತ್ರಿಯೊಳಗೆ ಇಲ್ಲೇ ಹೆಸರು ಮತ್ತು ಸ್ಕೀ ಮಾಡೆಲ್ ಹಾಕಿ.