ಮರ ಕಡಿಯುವವರ ನಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ಅಮೆರಿಕದ ಕೃಷಿ ಕಾರ್ಯದರ್ಶಿಗೆ ಬಹಿರಂಗ ಪತ್ರ

ಮಾನ್ಯ ಕೃಷಿ ಕಾರ್ಯದರ್ಶಿ ಬ್ರೂಕ್ ರೋಲಿನ್ಸ್ ಅವರಿಗೆ,

ನಮಸ್ಕಾರ ಮೇಡಂ. ನಾನು ಜಾರ್ಜಿಯಾ ರಾಜ್ಯದ ದಕ್ಷಿಣ ಭಾಗದಲ್ಲಿ ಮರ ಕಡಿದು ಸಾಗಿಸುವ ಒಂದೆರಡು ಸಣ್ಣ ತಂಡಗಳ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಅವರ ಪರವಾಗಿ ಈ ಪತ್ರ.

2024ರ ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಚಂಡಮಾರುತ ಫ್ಲೋರಿಡಾದ ಕರಾವಳಿಗೆ ಅಪ್ಪಳಿಸಿ ಜಾರ್ಜಿಯಾದ ಮೇಲೆ ಹಾದುಹೋಯಿತು. ಪೈನ್ ತೋಪುಗಳು ಬಾಚಿಟ್ಟ ಹಾಗೆ ಒಂದೇ ದಿಕ್ಕಿಗೆ ಮಲಗಿದವು. ಮರದ ನಷ್ಟವೇ ಸುಮಾರು 128 ಕೋಟಿ ಡಾಲರ್ ಅಂತ ರಾಜ್ಯದ ಅರಣ್ಯ ಆಯೋಗ ಅಂದಾಜು ಮಾಡಿತು. ಅದು ನಿಂತ ಮರದ ಬೆಲೆ. ಅದನ್ನು ಕಡಿದು ಬದುಕುವವರ ಸಂಪಾದನೆ ಅದರಲ್ಲಿ ಸೇರಿಲ್ಲ.

ಮರ ಬಿದ್ದರೆ ಇವರಿಗೆ ಕೆಲಸ ಜಾಸ್ತಿ ಅಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಬಿದ್ದ ಪೈನ್ ಕಾಯುವುದಿಲ್ಲ. ಕೆಲವೇ ವಾರಗಳಲ್ಲಿ ದಿಮ್ಮಿಯ ಕೊಯ್ದ ಮುಖದಲ್ಲಿ, ತೊಗಟೆಯಿಂದ ಒಳಕ್ಕೆ ಇಳಿಯುವ ನೀಲಿ ಬೂದು ಪಟ್ಟೆ ಕಾಣಿಸುತ್ತದೆ. ಶಿಲೀಂಧ್ರದ ಕೆಲಸ ಅದು. ಹಲಗೆಯಾಗಬೇಕಿದ್ದ ಮರ ಆಗ ಕಾಗದದ ತಿರುಳಿಗೆ, ತೀರಾ ಕಡಿಮೆ ಬೆಲೆಗೆ ಹೋಗುತ್ತದೆ. ಒಂದರ ಮೇಲೊಂದು ಬಿದ್ದು ಬಾಗಿ ಬಿಗಿದುಕೊಂಡ ಕಾಂಡಗಳು ಗರಗಸ ತಾಗಿದ ಕೂಡಲೇ ಸಿಡಿಯುತ್ತವೆ. ಹಾಗಾಗಿ ಕೈ ನಿಧಾನವಾಗುತ್ತದೆ, ದಿನದ ಲೋಡು ಕಡಿಮೆಯಾಗುತ್ತದೆ. ಎಲ್ಲರೂ ಒಟ್ಟಿಗೆ ಮರ ತಂದಾಗ ಗಿರಣಿಗಳು ಇಷ್ಟೇ ಲೋಡು ಸಾಕು ಅನ್ನುತ್ತವೆ. ಬಿದ್ದದ್ದು ಮುಗಿದ ಮೇಲೆ ಆ ತೋಪಿನಲ್ಲಿ ವರ್ಷಗಟ್ಟಲೆ ಕಡಿಯಲು ಏನೂ ಇರುವುದಿಲ್ಲ. ಸಾಲದ್ದಕ್ಕೆ 2025ರಲ್ಲಿ ನಮ್ಮ ರಾಜ್ಯದ ಸವನ್ನಾ ಮತ್ತು ರೈಸ್‌ಬರೋದ ಕಾಗದದ ಗಿರಣಿಗಳೂ ಬಾಗಿಲು ಹಾಕಿದವು.

ನಿಮ್ಮ ಇಲಾಖೆಯಲ್ಲಿ ಯೋಜನೆಗಳು ಇಲ್ಲ ಅಂತಲ್ಲ. ಹಣ್ಣು, ಪೆಕಾನ್ ಕಾಯಿಯ ತೋಟದವರಿಗೆ ಮರು ನಾಟಿಗೆ ನೆರವಿದೆ. ಖಾಸಗಿ ಅರಣ್ಯದ ಮಾಲೀಕರಿಗೆ ಕಾಡನ್ನು ಸರಿಪಡಿಸುವ ಖರ್ಚಿನಲ್ಲಿ 75% ತನಕ ಸಿಗುತ್ತದೆ. ಅದು ಅವರಿಗೆ ಸಿಗಲೇಬೇಕು. ಆದರೆ ಮರ ಕಡಿಯುವವನಿಗೆ ಜಮೀನೂ ಇಲ್ಲ, ಮರವೂ ಇಲ್ಲ. ಇರುವುದು ಯಂತ್ರ, ಲಾರಿ ಮತ್ತು ಅವುಗಳ ಸಾಲ. ಅವನು ತುಂಬಬಹುದಾದ ಅರ್ಜಿಯೇ ಇವುಗಳಲ್ಲಿ ಇಲ್ಲ.

ಒಮ್ಮೆ ಇತ್ತು. ಕೋವಿಡ್ ಕಾಲದ ನಷ್ಟಕ್ಕೆಂದು ನಮ್ಮ ಸಂಸತ್ತಾದ ಕಾಂಗ್ರೆಸ್ ಮರ ಕಡಿಯುವ, ಸಾಗಿಸುವ ಉದ್ಯಮಗಳಿಗೆ 20 ಕೋಟಿ ಡಾಲರ್ ಕೊಟ್ಟಿತು. 2019ಕ್ಕೆ ಹೋಲಿಸಿದರೆ 2020ರಲ್ಲಿ ಆದಾಯ ಕನಿಷ್ಠ 10% ಕುಸಿದಿರಬೇಕು, ಒಬ್ಬರಿಗೆ ಹೆಚ್ಚೆಂದರೆ 1,25,000 ಡಾಲರ್. ರೈತರು ಹೋಗುವ ಅದೇ ಕಚೇರಿಯಲ್ಲೇ ಅರ್ಜಿ ತೆಗೆದುಕೊಂಡರು. ಆದಾಯದ ಪುಸ್ತಕ ನೋಡಿ ನಷ್ಟ ಅಳೆಯಬಹುದು ಅಂತ ನಿಮ್ಮ ಇಲಾಖೆಯೇ ತೋರಿಸಿಕೊಟ್ಟಿದೆ. ಕೊರತೆ ಇದ್ದದ್ದು ವೇಗದಲ್ಲಿ. ಕಾನೂನಾದದ್ದು 2020ರ ಡಿಸೆಂಬರ್‌ನಲ್ಲಿ, ಅರ್ಜಿ ಶುರುವಾದದ್ದು 2021ರ ಜುಲೈನಲ್ಲಿ. ಸಾಲದ ಕಂತು ಅಷ್ಟು ತಿಂಗಳು ಸುಮ್ನೆ ಕೂರುವುದಿಲ್ಲ ಮೇಡಂ.

ನಮ್ಮ ಕೋರಿಕೆ ಇಷ್ಟೇ. ಆ ಯೋಜನೆಯನ್ನು ಕಾಯಂ ಮಾಡಿ. ಒಂದು ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ವಿಪತ್ತು ಘೋಷಣೆಯಾದ ಕೂಡಲೇ ಅಲ್ಲಿ ಅದು ತಾನಾಗಿ ಜಾರಿಗೆ ಬರಲಿ. ಮೊದಲ ಕಂತು 60 ದಿನದೊಳಗೆ ಕೈ ಸೇರಲಿ, ಉಳಿದದ್ದನ್ನು ಪರಿಶೀಲಿಸಿ ಆಮೇಲೆ ಕೊಡಿ. ಇದಕ್ಕೆ ಬೇಕಾದ ಅಧಿಕಾರವನ್ನು ಮುಂದಿನ ಕೃಷಿ ಮಸೂದೆಯಲ್ಲೇ ಕಾಂಗ್ರೆಸ್‌ನಿಂದ ಕೇಳಿ ಪಡೆಯಿರಿ. ಹೆಲೀನ್‌ಗೆ ಮುಂಚಿನ ವರ್ಷದ್ದು, ನಂತರದ್ದು, ಎರಡೂ ಲೆಕ್ಕ ಪುಸ್ತಕ ನಮ್ಮ ಮೇಜಿನ ಮೇಲೆ ಸಿದ್ಧವಾಗಿವೆ.

ಇಂತಿ,
ದಕ್ಷಿಣ ಜಾರ್ಜಿಯಾದ ಒಬ್ಬ ಲೆಕ್ಕಪತ್ರಗಾರ್ತಿ